‘ಇತ್ತ್’ ಅಂದರೆ ‘ಇತ್ತು’ ಅಲ್ಲ

ವರ್ಷಕ್ಕೊಮ್ಮೆ ನನಗೆ ಸಾಲುಸಾಲಾಗಿ ಫೋನು ಬರುವ ಒಂದು ತಿಂಗಳಿದೆ. ಮಾಡುವವರು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗ ಹುಡುಗಿಯರು. ಹೆಚ್ಚಿನವರು ನಮ್ಮ ಕಡೆಯವರೇ: ಬೈಂದೂರು, ಕುಂದಾಪುರ, ಬ್ರಹ್ಮಾವರದವರು. ‘ಅಕ್ಕ, ಮುಂದಿನ ತಿಂಗಳು ಆಸ್ಪತ್ರೆಗೆ ಹಾಕಿದ್ದಾರೆ. ಮೊದಲನೇ ಪ್ಲೇಸ್‌ಮೆಂಟು. ಏನೆಲ್ಲ ಓದಿಕೊಂಡು ಹೋಗಬೇಕು?’ ಎಂದು ಕೇಳುತ್ತಾರೆ. ಕೇಳುವಷ್ಟರಲ್ಲಿ ವಿಭಾಗದವರು ಕೊಟ್ಟ ಪಟ್ಟಿ ಅವರ ಕೈಯಲ್ಲೇ ಇರುತ್ತದೆ. ಅಹುಜಾ ಅವರ ಸಣ್ಣ ಪುಸ್ತಕ, ಕ್ಯಾಪ್ಲಾನ್–ಸ್ಯಾಡಾಕ್ ದಪ್ಪ ಪುಸ್ತಕದ ಇಂತಿಂಥ ಅಧ್ಯಾಯ, ಕೇಸ್ ಶೀಟಿನ ನಮೂನೆ, ಲಾಗ್ ಬುಕ್ಕು, ಬಿಳಿ ಕೋಟು, ಐಡಿ ಕಾರ್ಡು, ಕಾಲು ಮುಚ್ಚುವ ಶೂ. ಒಬ್ಬಳಂತೂ ಕೋಟು ಕುಂದಾಪುರದಲ್ಲಿ ಹೊಲಿಸುವುದಾ, ಉಡುಪಿಯಲ್ಲಿ ತಗೊಳ್ಳುವುದಾ ಎಂದು ಅರ್ಧ ಗಂಟೆ ಮಾತಾಡಿದಳು. ನಾನೂ ಅವಳ ವಯಸ್ಸಿನಲ್ಲಿ ಹಾಗೇ ಇದ್ದೆ. ನನ್ನ ಕೋಟಿನ ತೋಳು ಎರಡಿಂಚು ಉದ್ದವಾಗಿತ್ತು.

ಆ ಪಟ್ಟಿಯ ಮೇಲೆ ನನಗೊಂದು ಜಗಳವಿದೆ. ಅದರಲ್ಲಿ ಕೋಟಿದೆ, ಕೋಟಿನ ಎದುರು ಕೂರುವವರ ಮಾತಿಲ್ಲ. ನಮ್ಮ ವಿಭಾಗಗಳು ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿರುವುದು ಇಂಗ್ಲಿಷಿನಲ್ಲಿ ವರದಿ ಬರೆಯುವುದಕ್ಕೆ. ಮಾತು ಕೇಳುವುದಕ್ಕೆ ಯಾರೂ ತಯಾರು ಮಾಡುತ್ತಿಲ್ಲ. ‘ಕನ್ನಡ ಗೊತ್ತಲ್ಲ, ಅಷ್ಟು ಸಾಕು’ ಎನ್ನುವುದು ಅಲ್ಲಿನ ಒಟ್ಟು ಅಭಿಪ್ರಾಯ. ಸಾಕಾಗುವುದಿಲ್ಲ ಎಂದು ನನಗೆ ತಿಳಿದದ್ದು ನನ್ನ ಮೊದಲ ಪ್ಲೇಸ್‌ಮೆಂಟಿನ ಎರಡನೇ ವಾರದಲ್ಲಿ.

ಕರಾವಳಿಯ ಒಂದು ಆಸ್ಪತ್ರೆ. ಹೆಸರು ಬೇಡ, ತಪ್ಪು ಅವರದ್ದಲ್ಲ. ನಮ್ಮನ್ನು ಇಬ್ಬಿಬ್ಬರನ್ನಾಗಿ ಹಂಚಿದ್ದರು. ನನ್ನ ಜೊತೆಯವನು ಬಯಲುಸೀಮೆಯ ಹುಡುಗ, ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ವಾರ್ಡಿನಲ್ಲಿ ನಮ್ಮ ಕಡೆಯ ಒಬ್ಬರು ಹೆಂಗಸು. ಅವನು ಪ್ರಶ್ನೆ ಕೇಳುತ್ತಿದ್ದ, ನಾನು ಪಕ್ಕದಲ್ಲಿ ಕೂತು ಕುಟುಂಬದ ನಕ್ಷೆ ಬರೆಯುತ್ತಿದ್ದೆ. ನಿದ್ರೆ, ಊಟ, ಕೆಲಸ ಎಲ್ಲ ಆದ ಮೇಲೆ, ನಮಗೆ ಕಲಿಸಿದ ಹಾಗೆಯೇ ಮೆತ್ತಗಿನ ದನಿಯಲ್ಲಿ, ಸಾಯಬೇಕು ಅಂತ ಯೋಚನೆ ಬರುವುದುಂಟಾ ಎಂದು ಕೇಳಿದ. ಆ ಅಮ್ಮ ಅವನನ್ನು ನೋಡದೆ, ಕಿಟಕಿಯ ಕಡೆ ನೋಡುತ್ತಾ, ‘ಸಾಯ್ಕ್ ಅಂಬ ಯೋಚ್ನಿ ಇತ್ತ್’ ಅಂದರು.

ಅವನು ಬರೆದುಕೊಂಡ: ಸಾವಿನ ಯೋಚನೆಗಳು ಹಿಂದೆ ಇದ್ದವು, ಈಗ ಇಲ್ಲ. ಬರೆದದ್ದು ಇಂಗ್ಲಿಷಿನಲ್ಲಿ, ಚೊಕ್ಕವಾಗಿ.

ಕುಂದಾಪುರದ ಕಡೆಯವರಿಗೆ ಈಗಾಗಲೇ ಎದೆ ಧಸಕ್ಕೆಂದಿರಬಹುದು. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕನ್ನಡದಲ್ಲಿ ‘ಇತ್ತ್’ ಅಂದರೆ ‘ಇದೆ’. ‘ಮನೆಯಲ್ಲಿ ಅಕ್ಕಿ ಇತ್ತಾ?’ ಅಂದರೆ ಈಗ ಇದೆಯಾ ಎಂದು. ‘ಇತ್ತ್’ ಅಂದರೆ ಇದೆ, ಬೇಯಿಸಬಹುದು. ಹಿಂದೊಮ್ಮೆ ಇದ್ದು ಈಗ ಇಲ್ಲದ್ದಕ್ಕೆ ನಾವು ‘ಇದ್ದಿತ್ತ್’ ಎನ್ನುತ್ತೇವೆ. ‘ಹೆದ್ರಿಕಿ ಆತ್ತ್’ ಅಂದರೆ ಹೆದರಿಕೆ ಆಗುತ್ತದೆ, ‘ಹೆದ್ರಿಕಿ ಆಯ್ತ್’ ಅಂದರೆ ಆಗಿ ಮುಗಿಯಿತು. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಕನ್ನಡ ಕಲಿತ ಕಿವಿಗೆ ಇವೆರಡರ ನಡುವಿನ ಗೆರೆ ಕೇಳುವುದಿಲ್ಲ. ಕೇಳದಿದ್ದದ್ದು ಅವನ ತಪ್ಪಲ್ಲ.

ತಪ್ಪು ನನ್ನದು. ನನಗೆ ಕೇಳಿತ್ತು. ನಾನು ನಾವುಂದದ ಹತ್ತಿರದವಳು, ‘ಇತ್ತ್’ ನನ್ನ ಬಾಯಲ್ಲೇ ಹುಟ್ಟುವ ಶಬ್ದ. ಆದರೂ ಆ ಹೊತ್ತಿನಲ್ಲಿ ನಾನು ಬಾಯಿ ತೆರೆಯಲಿಲ್ಲ. ಯಾಕೆ ಎಂದು ಕೇಳಿಕೊಂಡಾಗಲೆಲ್ಲ ನೆನಪಾಗುವುದು ಮೊದಲ ಸೆಮಿಸ್ಟರಿನ ಒಂದು ಸೆಮಿನಾರು. ಗಾಬರಿಯಲ್ಲಿ ನನ್ನ ಬಾಯಿಂದ ‘ಎಂತಕ್ಕೆ ಅಂದ್ರೆ’ ಎಂದು ಜಾರಿತು, ತರಗತಿ ಗೊಳ್ಳೆಂದು ನಕ್ಕಿತು. ಕೆಟ್ಟ ನಗು ಅಂತಲ್ಲ. ಸಿನಿಮಾದಲ್ಲಿ ಮಂಗಳೂರು ಭಟ್ಟರ ಪಾತ್ರ ಬಂದಾಗ ನಗುತ್ತಾರಲ್ಲ, ಅಂಥದ್ದು. ಅಂದಿನಿಂದ ನಾನು ತರಗತಿಯಲ್ಲಿ ಪುಸ್ತಕದ ಕನ್ನಡವನ್ನೂ ಇಂಗ್ಲಿಷನ್ನೂ ಮಾತ್ರ ಆಡಿದೆ. ಎಷ್ಟರಮಟ್ಟಿಗೆ ಅಂದರೆ, ನನ್ನದೇ ಊರಿನ ಹೆಂಗಸು ನನ್ನದೇ ಮಾತಿನಲ್ಲಿ ಹೇಳಿದ್ದನ್ನು ಚುರುಕು ಹುಡುಗನೊಬ್ಬ ಬೇರೆಯಾಗಿ ಬರೆದಾಗ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಫೈಲು ಹೋಯಿತು. ನಮ್ಮ ಹೊತ್ತೂ ಮುಗಿಯಿತು.

ಸಂಜೆ ಹಾಸ್ಟೆಲಿನ ಹೊರಗೆ ಚಾ ಕುಡಿಯುವಾಗ ಅವನಿಗೆ ಹೇಳಿದೆ. ಅವನ ಮುಖ ಬಿಳುಚಿಕೊಂಡಿತು. ಡ್ಯೂಟಿಯಲ್ಲಿದ್ದ ಹಿರಿಯರಿಗೆ ಫೋನು ಮಾಡಿದೆವು. ಅವರು ಕೂಡಲೇ ಹೋಗಿ ಮತ್ತೆ ಕೇಳಿದರಂತೆ. ‘ಇತ್ತ್ ಅಂದೇಳಿ ಆಗ್ಳೇ ಹೇಳಿದ್ನಲ್ದಾ’ ಅಂದರಂತೆ ಆ ಅಮ್ಮ. ರಾತ್ರಿಯಿಡೀ ಪಕ್ಕದಲ್ಲಿ ಒಬ್ಬರು ಇರುವ ಹಾಗೆ ವ್ಯವಸ್ಥೆಯಾಯಿತು. ಏನೂ ಆಗಲಿಲ್ಲ. ಕೆಲವು ವಾರಗಳ ನಂತರ ಅವರು ಚೇತರಿಸಿಕೊಂಡು ಮನೆಗೆ ಹೋದರು. ಆದರೆ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗಿನ ಆ ನಾಲ್ಕು ಗಂಟೆ ಈಗಲೂ ನನ್ನನ್ನು ಬಿಟ್ಟಿಲ್ಲ. ಆ ನಾಲ್ಕು ಗಂಟೆಯಲ್ಲಿ ನಮ್ಮ ಫೈಲಿನ ಪ್ರಕಾರ ಅವರಿಗೆ ಅಪಾಯವೇ ಇರಲಿಲ್ಲ.

ಈಗ ಕೇಸ್ ಶೀಟಿಗೆ ಬರುತ್ತೇನೆ. ‘ಚೀಫ್ ಕಂಪ್ಲೇಂಟ್ಸ್’ ಎಂಬ ಜಾಗದಲ್ಲಿ ರೋಗಿಯ ಸ್ವಂತ ಮಾತಿನಲ್ಲೇ ಬರೆಯಬೇಕು ಎಂದು ನಮಗೆ ಕಲಿಸುತ್ತಾರೆ. ಮನಃಸ್ಥಿತಿಯ ಪರೀಕ್ಷೆಯಲ್ಲೂ, ‘ನಿಮ್ಮ ಮನಸ್ಸು ಹೇಗಿದೆ’ ಎಂದು ಕೇಳಿ ಬಂದ ಉತ್ತರವನ್ನು ಇದ್ದ ಹಾಗೇ ದಾಖಲಿಸಬೇಕು, ಮಾತಿನ ಮಾದರಿಯನ್ನು ಅಕ್ಷರಶಃ ಬರೆದುಕೊಳ್ಳಬೇಕು. ಈ ನಿಯಮ ಮಾಡಿದವರು ಬುದ್ಧಿವಂತರು. ಈಗ ನೀವು ಯಾವುದೇ ತರಬೇತಿಯವರ ಕಡತ ಬಿಡಿಸಿ ನೋಡಿ. ಆ ಜಾಗದಲ್ಲಿ ಉದ್ಧರಣ ಚಿಹ್ನೆಯ ಒಳಗೆ ಇರುವುದು ಇಂಗ್ಲಿಷ್! ಶಿರೂರಿನಿಂದ ಬಂದ ಎಪ್ಪತ್ತು ವರ್ಷದ ಅಜ್ಜಿ ‘ಐ ಫೀಲ್ ಲೋ’ ಎಂದು ಹೇಳಿದ್ದಾರೆ ಎಂದು ನಾವು ಬರೆದು, ಮೇಲ್ವಿಚಾರಕರು ಅದಕ್ಕೆ ಸಹಿ ಹಾಕುತ್ತಾರೆ. ಯಾರಿಗೂ ನಗು ಬರುವುದಿಲ್ಲ. ನನ್ನ ‘ಎಂತಕ್ಕೆ’ಗೆ ನಗು ಬಂದಿತ್ತು.

ಮೇಲ್ವಿಚಾರಕರಿಗೆ ಕನ್ನಡ ಬರದೆ ಇರಬಹುದು, ಕಡತ ನಾಳೆ ಬೇರೆ ಆಸ್ಪತ್ರೆಗೆ ಹೋಗಬಹುದು, ಪರೀಕ್ಷೆಗೆ ಹೊರ ರಾಜ್ಯದ ಪರೀಕ್ಷಕರು ಬರಬಹುದು ಎನ್ನುತ್ತಾರೆ. ಎಲ್ಲ ಸರಿ. ಇಂಗ್ಲಿಷಿನಲ್ಲಿ ಬರೆಯಬೇಡಿ ಎಂದು ನಾನೆಲ್ಲಿ ಹೇಳಿದೆ? ಬಯಾಪ್ಸಿಯ ವರದಿ ಬರೆದಾದ ಮೇಲೂ ಲ್ಯಾಬಿನವರು ಆ ಗಾಜಿನ ಸ್ಲೈಡನ್ನು ಎತ್ತಿಡುತ್ತಾರೆ. ಸಂಶಯ ಬಂದರೆ ಇನ್ನೊಬ್ಬರು ನೋಡಬೇಕಲ್ಲ. ನಮ್ಮ ವಿದ್ಯೆಯಲ್ಲಿ ಸ್ಲೈಡು ಅಂದರೆ ರೋಗಿ ಆಡಿದ ವಾಕ್ಯ. ಅದನ್ನು ನಾವು ಮೊದಲ ದಿನವೇ ಎಸೆಯುತ್ತೇವೆ. ‘ಸಾಯ್ಕ್ ಅಂಬ ಯೋಚ್ನಿ ಇತ್ತ್’ ಎಂದು ನನ್ನ ಗೆಳೆಯ ಕನ್ನಡ ಅಕ್ಷರದಲ್ಲಿ ಇದ್ದಂತೆ ಬರೆದು, ಕೆಳಗೆ ಅವನ ತಪ್ಪು ಇಂಗ್ಲಿಷನ್ನೂ ಬರೆದಿದ್ದರೆ, ಆ ಕಡತ ಮುಟ್ಟಿದ ನಮ್ಮೂರಿನ ಯಾವ ನರ್ಸಾದರೂ ಹತ್ತು ನಿಮಿಷದಲ್ಲಿ ಅದನ್ನು ಹಿಡಿಯುತ್ತಿದ್ದರು.

ಇನ್ನೊಂದು ಮಾತು ಪದೇ ಪದೇ ಕೇಳುತ್ತದೆ. ಮನಶ್ಶಾಸ್ತ್ರಕ್ಕೆ ಕನ್ನಡದಲ್ಲಿ ಶಬ್ದಗಳಿಲ್ಲ ಎಂದು. ಇದು ಸೋಮಾರಿಗಳ ಮಾತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೋ ನಿಲಯವನ್ನೂ ಶುರು ಮಾಡಿದವರು. ಈಗಲೂ ನಾವು ಪ್ಲೇಸ್‌ಮೆಂಟಿನಲ್ಲಿ ಮಕ್ಕಳ ಬುದ್ಧಿಮತ್ತೆ ಅಳೆಯಲು ಹಿಡಿಯುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಒಗ್ಗಿಸಿದ್ದು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಮನೋವೈದ್ಯಕೀಯದ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೆಮನೆಯ ಕಪಾಟಿನಲ್ಲಿ ಜಾಗ ಪಡೆಯುವಷ್ಟು ಪುಸ್ತಕ ಬರೆದರು. ಶಬ್ದಗಳಿದ್ದವು, ಬರೆಯುವವರೂ ಇದ್ದರು. ನಮ್ಮ ಓದಿನ ಪಟ್ಟಿಗೆ ಮಾತ್ರ ಅವರ ಪರಿಚಯವಿಲ್ಲ.

ಆದರೆ ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪುಸ್ತಕದ ಕನ್ನಡ ಬಂದರೂ ಪೂರ್ತಿ ಸಾಲದು. ‘ಖಿನ್ನತೆ’ ಒಳ್ಳೆಯ ಶಬ್ದ, ಪತ್ರಿಕೆಯಲ್ಲಿ ದಿನಾ ಬರುತ್ತದೆ. ಆದರೆ ಹಾಲಾಡಿಯಲ್ಲೋ ಗಂಗೊಳ್ಳಿಯಲ್ಲೋ ‘ನನಗೆ ಖಿನ್ನತೆ’ ಎಂದು ತನ್ನ ಬಗ್ಗೆ ಹೇಳಿಕೊಂಡ ಒಬ್ಬರನ್ನೂ ನಾನು ಕಂಡಿಲ್ಲ. ‘ಬೇಜಾರ್’ ಅನ್ನುತ್ತಾರೆ. ಘಟ್ಟದ ಮೇಲಿನವರಿಗೆ ಬೇಜಾರು ಅಂದರೆ ಹೊತ್ತು ಹೋಗದಿರುವುದು. ನಮ್ಮಲ್ಲಿ ಅದು ಹೊತ್ತು ಹೋಗದಿರುವುದರಿಂದ ಹಿಡಿದು ಎದೆ ಒಡೆಯುವವರೆಗೆ ಎಲ್ಲವನ್ನೂ ಹೊರುತ್ತದೆ. ಎಷ್ಟು ಬೇಜಾರು ಎಂದು ತಿಳಿಯುವುದು ದನಿಯಿಂದ, ಮಾತಿನ ಕೊನೆಯಲ್ಲಿ ಬಿಟ್ಟ ಉಸಿರಿನಿಂದ. ‘ಮಂಡೆಬಿಸಿ’ ಅಂದರೆ ತಲೆ ಮುಟ್ಟಿ ಜ್ವರ ನೋಡುವುದಲ್ಲ. ‘ನಿದ್ರಿ ಬತ್ತಿಲ್ಲೆ’ ಎಂಬಲ್ಲಿಂದ ಮಾತು ಶುರುವಾಗುತ್ತದೆ, ಸಾಲ, ಗಂಡನ ಕುಡಿತ, ಬೆಂಗಳೂರಿನ ಹೋಟೆಲಿಗೆ ಹೋದ ಮಗ ಫೋನು ಎತ್ತದಿರುವುದು ಆಮೇಲೆ ಬರುತ್ತವೆ. ಕಾಯುವವರಿಗೆ ಮಾತ್ರ.

ಇದಕ್ಕೆ ನಮ್ಮ ರಾಜ್ಯದಲ್ಲೇ ಆದ ಒಂದು ಒಳ್ಳೆಯ ಸಂಶೋಧನೆ ಇದೆ. ನಿಮ್ಹಾನ್ಸಿನ ರಘುರಾಂ, ಚನ್ನಬಸವಣ್ಣ, ಅವರ ಜೊತೆ ಮಿಚೆಲ್ ವೈಸ್ ಮತ್ತು ಡೆವಿನ್ಸ್ 1996ರಲ್ಲಿ ಪ್ರಕಟಿಸಿದ್ದು. ರೋಗಿಗಳನ್ನು ಅವರದೇ ವಿವರಣೆಯಲ್ಲಿ ಮಾತಾಡಿಸಿದಾಗ ಕಂಡದ್ದು: ಮನಸ್ಸಿನ ದುಃಖದ ಲಕ್ಷಣಗಳು ಹೆಚ್ಚಾದಷ್ಟೂ ಜನರಿಗೆ ನಾಚಿಕೆ, ಕಳಂಕದ ಭಯ ಹೆಚ್ಚು, ಮೈನೋವಿನ ಲಕ್ಷಣಗಳು ಹೆಚ್ಚಾದಷ್ಟೂ ಅದು ಕಡಿಮೆ. ಅಂದರೆ ಕಾಲುನೋವು, ತಲೆಬಿಸಿ, ಉರಿ ಎಂದು ಹೇಳುವವರು ಅಜ್ಞಾನದಿಂದ ಹಾಗೆ ಹೇಳುತ್ತಿಲ್ಲ. ಯಾವುದನ್ನು ಹೇಳಿದರೆ ಮಾನ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿದೆ. ‘ಸೊಮಟೈಸೇಷನ್’ ಎಂದು ಬರೆದು ಪುಟ ಮಗುಚುವ ನಾವೇ ಅಜ್ಞಾನಿಗಳು.

‘ಪುಸ್ತಕದ ಕನ್ನಡ ಎಲ್ಲರಿಗೂ ಅರ್ಥವಾಗುತ್ತದಲ್ಲ’ ಎನ್ನುವವರಿಗೆ ಒಂದು ಉತ್ತರ. ಅರ್ಥವಾಗುತ್ತದೆ, ಖಂಡಿತ. ಆದರೆ ಆ ಕನ್ನಡದಲ್ಲಿ ಕೇಳಿದರೆ ಉತ್ತರವೂ ಆ ಕನ್ನಡದಲ್ಲೇ ಬರುತ್ತದೆ. ಅದು ನಮ್ಮ ಜನರಿಗೆ ಶಾಲೆಯ, ಬ್ಯಾಂಕಿನ, ತಾಲೂಕು ಕಚೇರಿಯ ಭಾಷೆ. ಆ ಭಾಷೆಯಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿ ‘ಹೌದು ಸರ್’, ‘ಇಲ್ಲ ಮೇಡಂ’, ‘ತೊಂದರೆ ಏನಿಲ್ಲ’ ಎನ್ನುತ್ತಾರೆ. ಅಮೆರಿಕದ ಡಿಎಸ್‌ಎಂ–5ಕ್ಕೆ ಕೂಡ ಇದು ಗೊತ್ತು. 2013ರ ಆ ಪುಸ್ತಕದಲ್ಲಿ ಸಂಸ್ಕೃತಿಯ ಬಗ್ಗೆ ವಿಚಾರಿಸುವ ಹದಿನಾರು ಪ್ರಶ್ನೆಗಳ ಒಂದು ಸಂದರ್ಶನವಿದೆ. ಅದರಲ್ಲಿ ಶುರುವಿಗೇ ಬರುವ ಒಂದು ಪ್ರಶ್ನೆಯ ಸಾರ ಇಷ್ಟು: ನಿಮ್ಮ ತೊಂದರೆಯನ್ನು ಮನೆಯವರ ಹತ್ತಿರ, ಸ್ನೇಹಿತರ ಹತ್ತಿರ ನೀವು ಹೇಗೆ ಹೇಳುತ್ತೀರಿ? ನಮ್ಮ ವಿದ್ಯಾರ್ಥಿಗಳು ಅದೇ ಪುಸ್ತಕದ ರೋಗಲಕ್ಷಣಗಳ ಪಟ್ಟಿಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಈ ಪುಟಕ್ಕೆ ಬಂದಾಗ ಮಾತ್ರ ಪರೀಕ್ಷೆಗೆ ಬರುವುದಿಲ್ಲ ಎಂದು ಮುಂದಕ್ಕೆ ಹಾರುತ್ತಾರೆ.

ಗಾದೆಯ ಕಥೆ ಹೇಳಲೇಬೇಕು. ಅಮೂರ್ತವಾಗಿ ಯೋಚಿಸುವ ಶಕ್ತಿ ಹೇಗಿದೆ ಎಂದು ತಿಳಿಯಲು ಗಾದೆಯ ಅರ್ಥ ಕೇಳುವ ಕ್ರಮವಿದೆ. ನಮಗೆ ಕೊಟ್ಟದ್ದು ‘ಹೊಳೆಯುವುದೆಲ್ಲ ಚಿನ್ನವಲ್ಲ’. ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ಕೂತ ಗಾದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮದೇ ಇರುವಾಗ ಅದ್ಯಾಕೋ. ಮೀನು ಮಾರುವ ಒಬ್ಬರು ಹೆಂಗಸು ಇದನ್ನು ಕೇಳಿ ನಕ್ಕು, ‘ಬಂಗ್ಡಿಯೂ ಹೊಳಿತ್ತ್’ ಅಂದರು. ಹೊಳೆಯುವ ಬೇರೆ ವಸ್ತುವಿನ ಉದಾಹರಣೆ ಕೊಟ್ಟು ಗಾದೆಯನ್ನು ಅವರು ಮುಗಿಸಿಯೇಬಿಟ್ಟಿದ್ದರು. ನಮ್ಮ ತಂಡದ ಒಬ್ಬಳು ‘ಕಾಂಕ್ರೀಟ್’ ಎಂದು ಬರೆದಳು. ಮೂರ್ತ ಚಿಂತನೆ, ಅಂದರೆ ದೋಷ. ಆ ಹೆಂಗಸು ದಿನಾ ಬೆಳಿಗ್ಗೆ ಐವತ್ತು ಗಿರಾಕಿಗಳ ಮುಖ ಓದಿ ಬೆಲೆ ಕಟ್ಟುವವರು.

ಹಾಗೆಂದು ನಮ್ಮವರನ್ನೂ ಬಿಡುವುದಿಲ್ಲ. ಕೆಲವು ವರ್ಷಗಳಿಂದ ಆಟಿ ಅಮಾವಾಸ್ಯೆಗೆ ‘ವಿಶ್ವ ಕುಂದಾಪ್ರ ಕನ್ನಡ ದಿನ’ ನಡೆಯುತ್ತಿದೆ. ಬೆಂಗಳೂರಿನಲ್ಲೂ ಜೋರಾಗಿ ಮಾಡುತ್ತಾರೆ. ನಾನೂ ಹೋಗಿದ್ದೇನೆ, ಕೊಟ್ಟೆ ಕಡುಬು ತಿಂದು, ಹಾಸ್ಯ ಕೇಳಿ, ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬಂದಿದ್ದೇನೆ. ‘ಭಾಷಿ ಅಲ್ಲ, ಬದ್ಕ್’ ಎನ್ನುವುದು ಅಲ್ಲಿನ ಘೋಷಣೆ. ಒಳ್ಳೆಯ ಮಾತು. ಬದುಕೇ ಆದರೆ, ಬದುಕು ಬೇಡವೆನಿಸುವುದನ್ನೂ ಈ ಭಾಷೆಯಲ್ಲೇ ಹೇಳುತ್ತಾರೆ ಎಂಬುದನ್ನು ಅಲ್ಲಿ ಯಾರೂ ಹೇಳುವುದಿಲ್ಲ. ವೇದಿಕೆಯ ಮೇಲೆ ‘ಹ್ವಾಯ್’ ಎಂದು ಕೂಗುವವರೇ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಾಗ ‘ಡಾಕ್ಟ್ರ ಹತ್ರ ಸರಿಯಾಗ್ ಮಾತಾಡ್’ ಎಂದು ಗದರುತ್ತಾರೆ. ಸರಿಯಾದ ಮಾತು ಅಂದರೆ ನಮ್ಮದಲ್ಲದ್ದು. ನಗಿಸುವುದಕ್ಕೆ ಮಾತ್ರ ಇಟ್ಟುಕೊಂಡ ಭಾಷೆಯಲ್ಲಿ ನೋವು ಹೇಳಿದರೆ ಎದುರಿನವರಿಗೆ ಅದು ನೋವು ಎಂದು ತೋರುವುದಾದರೂ ಹೇಗೆ?

ವೈದೇಹಿಯವರು ಕುಂದಾಪುರದವರು. ಅವರ ‘ಅಕ್ಕು’ ಕಥೆಯನ್ನು ಈ ಪತ್ರಿಕೆ ಓದುವ ಬಹುತೇಕರು ಓದಿರುತ್ತೀರಿ. ಇಲ್ಲವಾದರೆ 2018ರಲ್ಲಿ ಚಂಪಾ ಶೆಟ್ಟಿ ಮಾಡಿದ ‘ಅಮ್ಮಚ್ಚಿಯೆಂಬ ನೆನಪು’ ಸಿನಿಮಾದಲ್ಲಿ ನೋಡಿರುತ್ತೀರಿ. ಮನೆಯವರೆಲ್ಲ ತಲೆ ಸರಿಯಿಲ್ಲ ಎಂದು ಬದಿಗಿಟ್ಟ ಹೆಂಗಸು ಆಡುವ ಮಾತಿನಲ್ಲಿ ಆ ಮನೆಯ ಸತ್ಯ ಇರುತ್ತದೆ. ಪ್ಲೇಸ್‌ಮೆಂಟಿಗೆ ಹೊರಟವರಿಗೆ ಒಂದು ಕಥೆ ಓದಿಸುವುದಾದರೆ ನಾನು ಇದನ್ನು ಓದಿಸುತ್ತೇನೆ. ‘ಅಸಂಬದ್ಧ ಮಾತು’ ಎಂದು ಬರೆಯುವ ಮುನ್ನ, ಸಂಬಂಧ ಹಿಡಿಯಲು ನಮಗೆ ಆಗಲಿಲ್ಲವೋ ಅವರಿಗೆ ಆಗಲಿಲ್ಲವೋ ಎಂದು ಅವರು ಒಮ್ಮೆ ನಿಲ್ಲಲಿ ಎಂದು.

ದೈವದ ವಿಷಯಕ್ಕೂ ಎರಡು ಮಾತು. ‘ಕಾಂತಾರ’ದ ನಂತರ ಬೆಂಗಳೂರಿನ ಗೆಳೆಯರಿಗೆ ನಮ್ಮ ಕಡೆಯ ದರ್ಶನ, ಪಾತ್ರಿ ಎಲ್ಲ ರೋಮಾಂಚನವಾಗಿದೆ. ಮೊದಲು ಎಲ್ಲವನ್ನೂ ಕಾಯಿಲೆ ಅನ್ನುತ್ತಿದ್ದವರು ಈಗ ಎಲ್ಲವನ್ನೂ ಸಂಸ್ಕೃತಿ ಅನ್ನುತ್ತಾರೆ. ಎರಡೂ ಕೇಳಿಸಿಕೊಳ್ಳದವರ ಮಾತೇ. ನಮ್ಮ ಮನೆಗಳಲ್ಲಿ ಒಂದೇ ವಾರದಲ್ಲಿ ಪ್ರಶ್ನೆ ಇಡಿಸಿ, ಪಾತ್ರಿಯ ಹತ್ತಿರ ಕೇಳಿ, ಡಾಕ್ಟರ ಹತ್ತಿರವೂ ಬರುತ್ತಾರೆ. ‘ಪ್ರಶ್ನೆ ಇಡಿಸಿದ್ದೀರಾ?’ ಎಂದು ಸಹಜವಾಗಿ ಕೇಳಿದರೆ, ಯಾವಾಗ ಶುರುವಾಯಿತು, ಮನೆಯವರು ಯಾರ ಮೇಲೆ ತಪ್ಪು ಹೊರಿಸುತ್ತಿದ್ದಾರೆ, ಎಷ್ಟು ಖರ್ಚಾಗಿದೆ, ಎಲ್ಲ ಒಟ್ಟಿಗೆ ಬರುತ್ತದೆ. ಮೈಮೇಲೆ ಬರುವುದು ವರ್ಷಕ್ಕೊಮ್ಮೆ ಕೋಲದ ದಿನವೋ, ಅಡುಗೆ ಮಾಡುವಾಗಲೂ ಬರುತ್ತದೋ, ಊರವರು ಅದನ್ನು ಒಪ್ಪುತ್ತಾರೋ, ಹೆದರುತ್ತಾರೋ? ಇದನ್ನೆಲ್ಲ ಕೇಳಲು ಮೊದಲು ಶಬ್ದ ಗೊತ್ತಿರಬೇಕು.

ಈಗ ಕಾನೂನು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 22ನೇ ಕಲಮಿನ ಪ್ರಕಾರ ತನ್ನ ಕಾಯಿಲೆ ಏನು, ಚಿಕಿತ್ಸೆ ಏನು ಎಂಬುದನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ರೀತಿಯಲ್ಲಿ ತಿಳಿಯುವುದು ರೋಗಿಯ ಹಕ್ಕು. ದಾನವಲ್ಲ, ಹಕ್ಕು. ವಾಸ್ತವದಲ್ಲಿ ಏನಾಗುತ್ತದೆ? ಬ್ರಹ್ಮಾವರದ ಕಡೆಯಿಂದ ತುಳು ಮಾತ್ರ ಬರುವ ಹೆಂಗಸು ಬರುತ್ತಾರೆ. ಗಂಗೊಳ್ಳಿಯಿಂದ ಕೊಂಕಣಿಯವರು, ಬೇರೆ ಕಡೆಯಿಂದ ಬ್ಯಾರಿ ಮಾತಾಡುವವರು. ಆಗ ಅನುವಾದ ಮಾಡುವವರು ಯಾರು? ಜೊತೆಗೆ ಬಂದ ಗಂಡ, ಇಲ್ಲವೇ ಅತ್ತೆ. ಆ ಹೆಂಗಸಿಗೆ ಹೆದರಿಕೆ ಇರುವುದೇ ಆ ಗಂಡನದ್ದಾದರೆ? ಅವಳು ಐದು ನಿಮಿಷ ಮಾತಾಡುತ್ತಾಳೆ, ಅವನು ‘ನಿದ್ದೆ ಬರುವುದಿಲ್ಲವಂತೆ’ ಎಂದು ಒಂದು ವಾಕ್ಯ ಕೊಡುತ್ತಾನೆ. ನಾವು ಆ ಒಂದು ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುತ್ತೇವೆ. ಮೂರು ಸಲ ಸೋಸಿ ಬಂದದ್ದಕ್ಕೆ ‘ರೋಗಿಯ ಸ್ವಂತ ಮಾತು’ ಎಂದು ಹೆಸರು.

ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ಕು ಬಂತು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಇವೆರಡನ್ನೂ ನಾನು ಎಲ್ಲರಿಗೂ ಹೇಳುತ್ತೇನೆ, ನೀವೂ ಹೇಳಿ. ಆದರೆ ರಾತ್ರಿ ಹನ್ನೊಂದಕ್ಕೆ ಬೈಂದೂರಿನಿಂದ ಒಬ್ಬರು ಫೋನು ಮಾಡಿ ‘ಯೋಚ್ನಿ ಇತ್ತ್’ ಅಂದರೆ ಆ ಕಡೆ ಕೂತವರು ಏನು ಬರೆದುಕೊಳ್ಳಬೇಕೆಂದು ಅವರಿಗೆ ಯಾರಾದರೂ ಕಲಿಸಬೇಕಲ್ಲ. ಕಲಿಸುವ ಜಾಗ ಪ್ಲೇಸ್‌ಮೆಂಟಿಗೆ ಮುಂಚಿನ ಆ ಒಂದು ತಿಂಗಳು.

ಪಠ್ಯಕ್ರಮ ಬದಲಾಗುತ್ತಿರುವ ಕಾಲವಿದು. ಯುಜಿಸಿಯ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕಿಗೂ 2025–26ರವರೆಗೆ ವಾಯಿದೆ ಸಿಕ್ಕಿತು. ಮುಂದೆ ಯಾವ ಪದವಿ, ಯಾರ ಮಾನ್ಯತೆ, ಎಷ್ಟು ಗಂಟೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ. ಈ ಗಂಟೆಗಳ ಲೆಕ್ಕದಲ್ಲಿ ನನಗೆ ಬೇಕಾದದ್ದು ಹೆಚ್ಚೇನಿಲ್ಲ. ಮೊದಲ ಒಂದು ವಾರ ವಿದ್ಯಾರ್ಥಿಗಳು ಯಾರನ್ನೂ ಪ್ರಶ್ನೆ ಕೇಳಬಾರದು. ಹೊರರೋಗಿ ವಿಭಾಗದ ಬೆಂಚಿನಲ್ಲಿ ಕೂತು ಊರಿನ ಮಾತಿಗೆ ಕಿವಿ ಪಳಗಿಸಿಕೊಳ್ಳಬೇಕು. ‘ರೋಗಿಯ ಮಾತು’ ಎಂಬ ಜಾಗದಲ್ಲಿ ರೋಗಿಯ ಮಾತೇ, ಕನ್ನಡ ಲಿಪಿಯಲ್ಲೇ ಇರಬೇಕು, ತುಳುವಾದರೂ ಕೊಂಕಣಿಯಾದರೂ. ಸಾವಿನ ಬಗ್ಗೆ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಆ ಊರಿನ ಮಾತು ಬಲ್ಲ ಒಬ್ಬರಿಗಾದರೂ ತೋರಿಸದೆ ಕಡತ ಮುಚ್ಚಬಾರದು. ಪ್ರತಿ ಆಸ್ಪತ್ರೆಯ ನರ್ಸುಗಳು, ಆಯಾಗಳು ಈ ಶಬ್ದಗಳ ಭಂಡಾರ. ಅವರನ್ನು ಕೂರಿಸಿ ಪಟ್ಟಿ ಮಾಡಿದರೆ ಎರಡು ಸಂಜೆಯ ಕೆಲಸ. ದುಡ್ಡು ಬೇಡ, ಯಾರ ಅನುಮತಿಯೂ ಬೇಡ.

ಇದರಲ್ಲಿ ಒಂದು ತೊಡಕು ಇದೆ, ಮುಚ್ಚಿಡುವುದಿಲ್ಲ. ಊರಿನ ಮಾತಾಡಿದರೆ ಊರೂ ಬರುತ್ತದೆ. ನಾನು ಪುಸ್ತಕದ ಕನ್ನಡ ಬಿಟ್ಟು ನಮ್ಮ ಕನ್ನಡದಲ್ಲಿ ಮಾತಾಡಲು ಶುರು ಮಾಡಿದ ಮೊದಲ ದಿನವೇ ಒಬ್ಬರು, ‘ನಿಮ್ದ್ ಯಾವೂರಾಯ್ತ್?’ ಎಂದರು. ಆಮೇಲೆ ಯಾವ ಮನೆ, ಯಾರ ಮಗಳು. ಪುಸ್ತಕದಲ್ಲಿ ಇದಕ್ಕೆ ‘ಸೆಲ್ಫ್ ಡಿಸ್‌ಕ್ಲೋಷರ್’ ಎಂದು ಹೆಸರು, ಜಾಣತನದಿಂದ ತಪ್ಪಿಸಿಕೊಳ್ಳಬೇಕು ಎಂದು ಸಲಹೆ. ‘ನಾನು ಯಾವ ಊರಿನವಳು ಎಂಬುದು ನಿಮಗೆ ಯಾಕೆ ಮುಖ್ಯ ಅನಿಸುತ್ತದೆ?’ ಎಂದು ಮರುಪ್ರಶ್ನೆ ಹಾಕಬೇಕಂತೆ. ಕುಂದಾಪುರದಲ್ಲಿ ಹಾಗೆ ಕೇಳಿ ನೋಡಿ, ಆ ಮನುಷ್ಯ ಎದ್ದು ಹೋಗುತ್ತಾರೆ, ಹೋಗಲೂ ಬೇಕು. ಇನ್ನೊಂದು ಕಡೆ, ಎಲ್ಲ ಹೇಳಿಬಿಟ್ಟರೆ ಎರಡೇ ನಿಮಿಷದಲ್ಲಿ ಅವರ ಅತ್ತಿಗೆ ನಮ್ಮ ದೊಡ್ಡಮ್ಮನ ನೆಂಟರಾಗುತ್ತಾರೆ. ಆಮೇಲೆ ಅವರು ಸಾಲದ ವಿಷಯ ಹೇಳುವುದಿಲ್ಲ. ಅಪರಿಚಿತರ ಹತ್ತಿರ ಹೇಳಬಹುದಾದದ್ದನ್ನು ನೆಂಟರ ಹತ್ತಿರ ಹೇಳಲಾಗುವುದಿಲ್ಲ. ಕೆಲವರು ಉದ್ದೇಶಪೂರ್ವಕವಾಗಿಯೇ ಕುಂದಾಪುರ ಬಿಟ್ಟು, ಬೈಂದೂರಿನಿಂದ ಸುಮಾರು 70 ಕಿಲೋಮೀಟರು ಬಸ್ಸಿನಲ್ಲಿ ಕೂತು ಉಡುಪಿಗೆ ಹೋಗುತ್ತಾರೆ, ಯಾರೂ ಗುರುತಿನವರು ಸಿಗಬಾರದು ಎಂದು. ಅಂಥವರಿಗೆ ನನ್ನ ‘ಎಂತ ಮಾರಾಯ್ರೆ’ ಭಯ ಹುಟ್ಟಿಸಬಹುದು. ಇದನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಯಾವ ಪುಸ್ತಕದಲ್ಲೂ ಅಧ್ಯಾಯವಿಲ್ಲ. ಇಲ್ಲೇ ಕೂತು ನಾವು ನಾವೇ ಬರೆಯಬೇಕಾದದ್ದು.

ಹೋದ ತಿಂಗಳು ಶಿರೂರಿನ ಕಡೆಯ ಹುಡುಗಿಯೊಬ್ಬಳು ಫೋನು ಮಾಡಿದ್ದಳು. ಅವಳದ್ದು ಕೋಟಿನ ಪ್ರಶ್ನೆಯಲ್ಲ, ಪುಸ್ತಕದ್ದೂ ಅಲ್ಲ. ‘ಅಕ್ಕ, ಅವ್ರ್ ನಿಮ್ದ್ ಯಾವೂರಾಯ್ತ್ ಅಂತ ಕೇಂಡ್ರೆ ಎಂತ ಹೇಳೂದ್?’ ಎಂದಳು. ಹಿಂದಿನಿಂದ ಅವಳ ಅಮ್ಮ ಏನೋ ಕರೆಯುವುದು ಕೇಳುತ್ತಿತ್ತು.

‘ಊರ್ ಹೇಳ್. ಮನಿ ಹೆಸ್ರ್ ಹೇಳ್ಬೇಡ’ ಎಂದೆ. ‘ಆಮೇಲೆ ಅವ್ರಿಗ್ ಯಾವೂರಾಯ್ತ್ ಅಂತ ನೀನ್ ಕೇಣ್.’